ಜ್ವರಕ್ಕೆ ಕೂತ ಹುಳು, ತಲೆಗೆ ಅಂಟಿಸಿದ ತಂತಿ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲೆಲ್ಲ ಅವರೆಕಾಯಿ ರಾಶಿ. ಆ ಸೊಗಡು ಮೂಗಿಗೆ ಬಡಿದ ಕೂಡಲೇ ನಮ್ಮ ಮನೆಯವರು ಗಾಡಿ ನಿಲ್ಲಿಸಿಬಿಡುತ್ತಾರೆ. ಮನೆಗೆ ತಂದು ಸುಲಿದು, ಕಾಳು ನೆನೆಹಾಕಿ, ಮಾರನೇ ದಿನ ಎಲ್ಲರೂ ಕೂತು ಹಿದುಕುತ್ತೇವೆ. ನಮ್ಮ ಅತ್ತೆಗೆ ಈ ವಯಸ್ಸಿನಲ್ಲೂ ಬೆರಳು ಚುರುಕು. 2021ರ ಡಿಸೆಂಬರಿನಲ್ಲೂ ಹಾಗೇ ಎಲ್ಲರೂ ಬುಟ್ಟಿ ಸುತ್ತ ಕೂತಿದ್ದರು. ನಾನು ಒಂದು ಕಾಯಿ ಕೈಲಿ ಹಿಡಿದು ಮೂಸಿದೆ. ಏನೂ ಅನ್ನಿಸಲಿಲ್ಲ. ವಾಸನೆ ಬರುತ್ತಿತ್ತು. ಆದರೆ ಯಾರದೋ ಮನೆಯ ಅಡುಗೆ ವಾಸನೆ ದೂರದಿಂದ ಬಂದ ಹಾಗೆ. ಕೋವಿಡ್ ಇರಬಹುದು ಅಂತ ಮನೆಯವರು ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು.

ಕೋವಿಡ್ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಪಿಯುಸಿ ಓದುವಾಗಿನಿಂದಲೂ ದೀಪಾವಳಿ ಕಳೆದ ಮೇಲೆ ನನಗೆ ಹೀಗೆ ಆಗುತ್ತಿತ್ತು. ಅಳುವಿಗಿಂತ ಜಾಸ್ತಿ ನಿದ್ದೆ ಬರುತ್ತಿತ್ತು. ಹತ್ತು ಗಂಟೆ ಮಲಗಿದರೂ ಸಾಲದು. ಅನ್ನ, ಬನ್ನು, ಸಿಹಿ, ಏನು ಸಿಕ್ಕರೂ ತಿನ್ನಬೇಕು ಅನ್ನಿಸುತ್ತಿತ್ತು. ಮೈ ಬರುತ್ತಿತ್ತು. ಯಾರ ಜೊತೆಗೂ ಮಾತು ಬೇಡ. ಶಿವರಾತ್ರಿ ಹೊತ್ತಿಗೆ ತಾನಾಗೇ ಸರಿಹೋಗುತ್ತಿತ್ತು. ಸರಿಹೋದ ಮೇಲೆ ಆ ಮೂರು ತಿಂಗಳನ್ನು ಮನೆಯಲ್ಲಿ ಯಾರೂ ನೆನೆಯುತ್ತಿರಲಿಲ್ಲ. ನಾನೂ ನೆನೆಯುತ್ತಿರಲಿಲ್ಲ. "ಚಳಿಗೆ ಸೋಮಾರಿ ಆಗ್ತಾಳೆ" ಅಂತ ಅಮ್ಮ ನೆಂಟರಿಗೆ ಹೇಳುತ್ತಿದ್ದರು.

"ಮನಸ್ಸು ಗಟ್ಟಿ ಮಾಡ್ಕೋಬೇಕಮ್ಮಾ" ಅಂತಲೂ ಹೇಳುತ್ತಿದ್ದರು. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ನಾನೂ ಅದನ್ನು ನಂಬಿ ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಗಟ್ಟಿ ಮಾಡಿಕೊಳ್ಳುತ್ತಲೇ ಇದ್ದೆ. ಹಲ್ಲು ಕಚ್ಚಿಕೊಂಡು ಅನ್ನುವುದನ್ನು ನೆನಪಿಡಿ. ಮುಂದೆ ಇದೇ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ತವರು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಮನೆಗೆ ಅಂಟಿಕೊಂಡೇ ಹುಳು ಮನೆ. ರೇಷ್ಮೆ ಸಾಕಿದವರಿಗೆ ಗೊತ್ತು, ಹುಳು ತನ್ನ 25–26 ದಿನದ ಬದುಕಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತದೆ. ಆ ಹೊತ್ತಲ್ಲಿ ಅಮ್ಮ ನಮ್ಮನ್ನು ಹುಳು ಮನೆಯೊಳಕ್ಕೆ ಬಿಡುತ್ತಲೇ ಇರಲಿಲ್ಲ. ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವ ಹಾಗೆ ಮಾಡಿ, ಸುಮ್ನೆ ಬಿಟ್ಟುಬಿಡುತ್ತಿದ್ದರು. ಮುಟ್ಟಬಾರದು, ಸೊಪ್ಪು ಹಾಕಬಾರದು, ಅಲ್ಲಾಡಿಸಬಾರದು. ಜ್ವರ ಬಿಟ್ಟೆದ್ದ ಮೇಲೆ ಒಟ್ಟಿಗೇ ಸೊಪ್ಪು ಹಾಕುವುದು. ಹುಳುವಿನ ವಿಷಯದಲ್ಲಿ ಇಷ್ಟು ತಿಳಿವಳಿಕೆ ಇದ್ದ ಮನೆ ನಮ್ಮದು. ಮಗಳ ವಿಷಯದಲ್ಲಿ ಮಾತ್ರ ಅದು ಯಾರಿಗೂ ಹೊಳೆಯಲಿಲ್ಲ. ಅಮ್ಮನ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಯಾರು ಹೇಳಿಕೊಡಬೇಕಿತ್ತು?

2021ರ ನವೆಂಬರ್ ನಮ್ಮ ಜಿಲ್ಲೆಯವರು ಯಾರೂ ಮರೆಯುವುದಿಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಒಂದರ ಹಿಂದೊಂದು ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಜನ ಒಂದು ಕಡೆ ಕೆರೆ ತುಂಬಿತು ಅಂತ ಪೂಜೆ ಮಾಡಿದರು, ಇನ್ನೊಂದು ಕಡೆ ಹೊಲದಲ್ಲಿ ನಿಂತು ಅತ್ತರು. ನಾನು ಎರಡನ್ನೂ ಮಾಡಲಿಲ್ಲ. ಶಾಲೆಯಿಂದ ಬಂದವಳೇ ಸೀರೆ ಸಹ ಬಿಚ್ಚದೆ ಮಲಗುತ್ತಿದ್ದೆ. ವಿಜ್ಞಾನದ ಮೇಷ್ಟ್ರಾಗಿ ಹತ್ತನೇ ತರಗತಿ ಮಕ್ಕಳ ಮುಂದೆ ನಿಂತು, ಮುಂದಿನ ವಾಕ್ಯ ಏನು ಅಂತ ಹೊಳೆಯದೆ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿ ನೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟಳು. ಏನೂ ಕೇಳಲಿಲ್ಲ. ಅವತ್ತು ಸಂಜೆ ಮನೆಯವರಿಗೆ ನಾನೇ ಹೇಳಿದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ.

ಬೆಂಗಳೂರಿನ ಆ ಮನೋವೈದ್ಯರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್. ಥೈರಾಯ್ಡ್ ಕಡಿಮೆ ಆದರೂ ಹೀಗೇ ನಿದ್ದೆ, ಹೀಗೇ ಭಾರ ಅಂದರು. ನನಗೆ ಎಲ್ಲ ಸರಿ ಇತ್ತು. ಆಮೇಲೆ ಹಳೆಯದನ್ನೆಲ್ಲ ಕೇಳಿದರು. ಯಾವ ತಿಂಗಳು ಶುರು, ಯಾವ ತಿಂಗಳು ಮುಗಿಯುತ್ತೆ, ಎಷ್ಟು ವರ್ಷದಿಂದ. ನಾನು ಹೇಳುತ್ತಾ ಹೋದ ಹಾಗೆ ನನಗೇ ಗಾಬರಿಯಾಯಿತು. ಪ್ರತಿ ವರ್ಷವೂ ಅದೇ ತಿಂಗಳುಗಳು. ಇದಕ್ಕೆ ಸೀಸನಲ್ ಡಿಪ್ರೆಶನ್ ಅಂತ ಹೆಸರಿದೆ ಅಂದರು. ಅಮೆರಿಕದಲ್ಲಿ ನಾರ್ಮನ್ ರೋಸೆಂಥಾಲ್ ಅನ್ನುವ ವೈದ್ಯರು ಮತ್ತು ಅವರ ಸಂಗಡಿಗರು 1984ರಲ್ಲಿ ಇದನ್ನು ವಿವರಿಸಿ ಬರೆದರಂತೆ. ಆ ರೋಸೆಂಥಾಲ್ ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ನ್ಯೂಯಾರ್ಕಿನ ಚಳಿಗೆ ಬಂದವರು. ತಮಗೇ ಚಳಿಗಾಲದಲ್ಲಿ ಕೈಕಾಲು ಬಿದ್ದುಹೋಗುವುದನ್ನು ಗಮನಿಸಿದವರು. ಅದನ್ನು ಕೇಳಿದಾಗ, ಎಲ್ಲೋ ಕಂಡರಿಯದ ದೇಶದ ಆ ಮನುಷ್ಯ ನನ್ನ ಸ್ವಂತ ಅಣ್ಣನ ಹಾಗೆ ಕಂಡರು.

ಡಾಕ್ಟರು ಮಾತ್ರೆ ಕೊಟ್ಟರು. ಒಂದು ನೋಟ್‌ಬುಕ್ ಇಡಲು ಹೇಳಿದರು. ರಾತ್ರಿ ಮಲಗುವ ಮುಂಚೆ ಆ ದಿನಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಪಕ್ಕದಲ್ಲಿ ಆಕಾಶ ಹೇಗಿತ್ತು ಅಂತ ಬರೆಯಬೇಕು. ಬಿಸಿಲಿಗೆ ಬಿ, ಮೋಡಕ್ಕೆ ಮೋ, ಮಂಜಿಗೆ ಮಂ. ಎರಡು ವರ್ಷ ಬರೆದೆ. ಇವತ್ತಿಗೂ ಬರೆಯುತ್ತೇನೆ.

ಅದರಿಂದ ನನಗೆ ಗೊತ್ತಾದ ಸಂಗತಿಗಳು ನಾನು ಅಂದುಕೊಂಡಂತೆ ಇರಲಿಲ್ಲ. ಆಷಾಢದಲ್ಲಿ ವಾರಗಟ್ಟಲೆ ಮೋಡ ಮುಚ್ಚಿದ್ದರೂ ನನ್ನ ಅಂಕ ಅಷ್ಟು ಇಳಿದಿರಲಿಲ್ಲ. ಇಳಿಯುತ್ತಿದ್ದದ್ದು ನವೆಂಬರಿನಿಂದಲೇ. ಅದೂ ಮೋಡ ಕವಿದ ಮೊದಲ ದಿನವೇ ಅಲ್ಲ, ಮೂರನೆಯ, ನಾಲ್ಕನೆಯ ದಿನ. ಮೊದಮೊದಲು ನನಗೇ ಅನುಮಾನ ಬರುತ್ತಿತ್ತು. ಆರು ತಿಂಗಳು ಕತ್ತಲಿರುವ ದೇಶದವರಿಗೆ ಬರಬೇಕಾದ ಕಾಯಿಲೆ ನಮ್ಮೂರಲ್ಲಿ ಬರುತ್ತದಾ ಅಂತ. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 12 ಗಂಟೆ 54 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಆದರೆ ಇನ್ನೊಂದು ಲೆಕ್ಕ ಇದೆ, ಅದನ್ನು ನಾನು ಪಾಠ ಮಾಡಿದರೂ ಗಮನಿಸಿರಲಿಲ್ಲ. ಡಿಸೆಂಬರ್ 21 ಆದ ಮೇಲೆ ಹಗಲು ಬೆಳೆಯುತ್ತಾ ಹೋದರೂ ನಮ್ಮ ಕಡೆ ಸೂರ್ಯ ಹುಟ್ಟುವುದು ಇನ್ನೂ ತಡವಾಗುತ್ತಲೇ ಇರುತ್ತದೆ. ಜನವರಿ ಕೊನೆಯವರೆಗೂ. ಮೆದುಳಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕೇ. ಕಣ್ಣಿನಿಂದ ಆ ಬೆಳಕು ಒಳಗೆ ಹೋಗಿ, ನಿದ್ದೆ ತರಿಸುವ ಮೆಲಟೋನಿನ್ ಸಾಕು ಅಂತ ಹೇಳಬೇಕು. ಅದರ ಮೇಲೆ ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಒಂಬತ್ತು ಗಂಟೆಯಾದರೂ ಕರಗದ ದಿನ, ನಾನು ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಚಪಾತಿ ಲಟ್ಟಿಸುತ್ತಾ ನಿಂತಿದ್ದರೆ ಆ ಮಾತು ಹೇಳುವವರು ಯಾರು?

ಫೋನಿಗೆ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ನೋಡಿದೆ. ಫೋನಿನ ಅಳತೆ ಬಿಗಿಯಾದದ್ದಲ್ಲ, ಅಂದಾಜಿಗೆ ಸಾಕು. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಬೆಳಗ್ಗೆ ಏಳೂವರೆಗೆ ನಮ್ಮ ಅಡುಗೆಮನೆಯಲ್ಲಿ 90 ಲಕ್ಸ್. ಅದೇ ಹೊತ್ತಿಗೆ, ಅದೇ ಮಂಜಿನಲ್ಲಿ, ಮಹಡಿ ಮೇಲೆ 4,000ಕ್ಕೂ ಜಾಸ್ತಿ. ಎರಡು ಸಲ ಕೆಳಗಿಳಿದು ಮತ್ತೆ ಹತ್ತಿ ನೋಡಿದೆ. ಕಣ್ಣಿಗೆ ಎರಡೂ ಕಡೆ ಒಂದೇ ಮಂಕು ಅನ್ನಿಸುತ್ತಿತ್ತು. ಈ ಕಾಯಿಲೆಗೆ ಕೊಡುವ ಬೆಳಕಿನ ಪೆಟ್ಟಿಗೆ 10,000 ಲಕ್ಸ್‌ನದು, ದಿನಾ ಬೆಳಗ್ಗೆ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ಮಂಜಿದ್ದರೂ ಮಹಡಿ ಮೇಲೆ ಒಂದು ಗಂಟೆ ನಿಂತರೆ ಅದರ ಹತ್ತಿರ ಹೋಗಬಹುದು ಅಂತ ಡಾಕ್ಟರು ಒಪ್ಪಿದರು. 2022ರ ಚಳಿಗಾಲ ಮಾತ್ರೆ, ಮಹಡಿ, ನೋಟ್‌ಬುಕ್ಕುಗಳಲ್ಲೇ ಕಳೆಯಿತು. ಎರಡು ಮೂರು ಇರುತ್ತಿದ್ದ ಅಂಕ ನಾಲ್ಕಕ್ಕೆ ಬಂತು. ನಾಲ್ಕೂ ಕಷ್ಟದ ಅಂಕವೇ.

ಮೆದುಳಿನ ಅಲೆಯನ್ನು ಪರದೆಯ ಮೇಲೆ ತೋರಿಸಿ ಪಳಗಿಸುವ ನ್ಯೂರೋಫೀಡ್‌ಬ್ಯಾಕ್ ಅನ್ನುವ ಅಭ್ಯಾಸದ ಬಗ್ಗೆ ಮೊದಲು ಕೇಳಿದ್ದು 2023ರಲ್ಲಿ. ನಾನೇ ಡಾಕ್ಟರನ್ನು ಕೇಳಿದೆ. ಅವರು ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಮಾತ್ರೆ ಬಿಡೋದಿಲ್ಲ, ಬೆಳಕು ಬಿಡೋದಿಲ್ಲ ಅನ್ನೋದಾದ್ರೆ ಮಾಡಿ ನೋಡಿ. ಅಪಾಯ ಕಡಿಮೆ, ಖರ್ಚು ಜಾಸ್ತಿ" ಅಂದರು. ಅದಕ್ಕೆ ಮುಂಚೆ ನಾನು ವಿಚಾರಿಸಿದ್ದ ಇನ್ನೊಂದು ಕೇಂದ್ರದವರು ನಲವತ್ತು ಸಿಟ್ಟಿಂಗಿನ ಹಣ ಮೊದಲೇ ಕಟ್ಟಿ, ಮೂರು ತಿಂಗಳಲ್ಲಿ ಮಾತ್ರೆ ಬಿಡಿಸುತ್ತೇವೆ ಅಂದಿದ್ದರು. ನನ್ನ ಹಳೆಯ ಚೀಟಿಯನ್ನು ಬಿಚ್ಚಿ ಕೂಡ ನೋಡಲಿಲ್ಲ. ಇದನ್ನು ಓದುವ ಯಾರಾದರೂ ಅಂಥ ಮಾತು ಕೇಳಿದರೆ ದಯವಿಟ್ಟು ಎದ್ದು ಬನ್ನಿ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಶಾಲೆಯ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಡಾಕ್ಟರೇ ಹೇಳಿದ ಕಡೆ ಹೋದೆ. ದಸರಾ ರಜೆಯಲ್ಲಿ ಎಂಟು ಸಿಟ್ಟಿಂಗ್, ಆಮೇಲೆ ಭಾನುವಾರಕ್ಕೆ ಒಂದರಂತೆ ಹನ್ನೆರಡು. ಒಂದಕ್ಕೆ 1,500 ರೂಪಾಯಿ, ಒಟ್ಟು 30,000. ಮೇಷ್ಟ್ರ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಮಗಳ ಹೆಸರಿನ ಆರ್‌ಡಿ ಮುರಿದೆವು.

ಮನೆಯಲ್ಲಿ ಅತ್ತೆಗೆ ಒಂದೇ ಹೆದರಿಕೆ. "ತಲೇಗೆ ಕರೆಂಟ್ ಕೊಡ್ತಾರೇನಮ್ಮಾ?" ಅಂತ ಮೂರು ಸಲ ಕೇಳಿದರು. ಇಲ್ಲ ಅತ್ತೆ, ಥರ್ಮಾಮೀಟರ್ ಇಟ್ಟ ಹಾಗೆ, ಒಳಗಿಂದ ಬರೋದನ್ನ ಅಳೀತಾರೆ ಅಷ್ಟೇ, ಒಳಕ್ಕೆ ಏನೂ ಬಿಡೋದಿಲ್ಲ ಅಂದೆ. ಆ ಹೋಲಿಕೆ ಸರಿಯಾಗೇ ಇದೆ. ಮೆದುಳಿನ ಜೀವಕೋಶಗಳು ಒಟ್ಟಾಗಿ ಮಿಡಿದಾಗ ನೆತ್ತಿಯ ಮೇಲೆ ಮೈಕ್ರೋವೋಲ್ಟ್ ಲೆಕ್ಕದ ವಿದ್ಯುತ್ ಅಲೆ ಏಳುತ್ತದೆ. ಮನುಷ್ಯರಲ್ಲಿ ಅದನ್ನು ಮೊದಲು ಹಿಡಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಕಣ್ಣು ಮುಚ್ಚಿ ಆರಾಮಾಗಿದ್ದಾಗ ಸೆಕೆಂಡಿಗೆ 8ರಿಂದ 12 ಸಲ ಏಳುವ ಅಲೆಗೆ ಆಲ್ಫಾ ಅನ್ನುತ್ತಾರೆ. ಗಮನ ಕೊಟ್ಟು ಕೆಲಸ ಮಾಡುವಾಗ ಅದಕ್ಕಿಂತ ವೇಗದ ಬೀಟಾ, ತೂಕಡಿಸುವಾಗ ನಿಧಾನದ ಥೀಟಾ. ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಈ ಅಲೆಯನ್ನು ನಿಮ್ಮ ಕಣ್ಣೆದುರೇ ಪರದೆಗೆ ತರುತ್ತಾರೆ. ಬೇಕಾದ ಲಯ ಬಂದಾಗ ಒಂದು ಗಂಟೆ ಟಿಣ್ ಅನ್ನುತ್ತದೆ. ಮೆದುಳು ಆ ಟಿಣ್ ಅನ್ನು ಹುಡುಕಿಕೊಂಡು ಹೋಗುವುದನ್ನು ತಾನೇ ಕಲಿಯುತ್ತದೆ ಅನ್ನುವುದು ಇದರ ಹಿಂದಿನ ನಂಬಿಕೆ.

ತಲೆಗೆ ಎಣ್ಣೆ ಹಾಕಿಕೊಳ್ಳದೆ ಬನ್ನಿ ಅಂದಿದ್ದರು. ನನ್ನನ್ನು ಕೂರಿಸಿದ್ದು ಶಿವಮೊಗ್ಗ ಕಡೆಯ ಚಿಕ್ಕ ವಯಸ್ಸಿನ ಮನಃಶಾಸ್ತ್ರಜ್ಞೆ. ಹಣೆಯ ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕಡೆ ಕೂದಲು ಬಿಡಿಸಿ, ಒರೆಸಿ, ಬಿಳಿ ಅಂಟು ಹಚ್ಚಿ, ಕಡಲೆಕಾಳಿನಷ್ಟು ದೊಡ್ಡ ತಟ್ಟೆಗಳನ್ನು ಒತ್ತಿ ಕೂರಿಸಿದರು. ಕಿವಿಗೆ ಕ್ಲಿಪ್. ಕೈ ಆಡಿಸುತ್ತಲೇ ಬೆಕ್ಕಿನ ಕಥೆ ಹೇಳಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಯಾರಿ ಸ್ಟರ್ಮನ್ ಅನ್ನುವವರು ಬೆಕ್ಕುಗಳಿಗೆ, ಒಂದು ಬಗೆಯ ಮೆದುಳಿನ ಲಯ ಬಂದಾಗಲೆಲ್ಲ ಹಾಲು, ಕೋಳಿ ಸಾರು ಕೊಟ್ಟು ಪಳಗಿಸಿದರಂತೆ. ಆಮೇಲೆ ರಾಕೆಟ್ ಇಂಧನದ ವಿಷ ಪರೀಕ್ಷೆಯಲ್ಲಿ ಆ ಬೆಕ್ಕುಗಳಿಗೆ ಮಾತ್ರ ಫಿಟ್ಸ್ ಅಷ್ಟು ಬೇಗ ಬರಲಿಲ್ಲ. ಈ ವಿದ್ಯೆಯ ಒಂದು ಮುಖ್ಯ ಬೇರು ಅಲ್ಲಿದೆ. ನನ್ನ ವಿಷಯಕ್ಕೆ ಬಂದರೆ, ಖಿನ್ನತೆಯಲ್ಲಿ ಹಣೆಯ ಎಡಭಾಗದ ಮೆದುಳು ಬಲಕ್ಕಿಂತ ಮಂಕಾಗಿರುತ್ತದೆ ಅನ್ನುವ ಹಳೆಯ ವಾದವೊಂದಿದೆ. ಮಂಕಾದ ಕಡೆ ಆಲ್ಫಾ ಅಲೆ ಜಾಸ್ತಿ ಅಂತ ಲೆಕ್ಕ. ಎಡಕ್ಕೂ ಬಲಕ್ಕೂ ಇರುವ ಆ ಆಲ್ಫಾ ವ್ಯತ್ಯಾಸವನ್ನು ತಿದ್ದುವುದು ನಮ್ಮ ಅಭ್ಯಾಸ.

ಪರದೆಯ ಮೇಲೆ ಮೂರು ಕಂಬಿ. ಎರಡು ಹಸಿರು, ಒಂದು ಕೆಂಪು. ನಾನು ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಹಸಿರು ಕಂಬಿಯನ್ನೇ ದಿಟ್ಟಿಸಿದೆ. ಏಳು, ಏಳು ಅಂದೆ ಮನಸ್ಸಲ್ಲೇ. ಅದು ಏಳಲಿಲ್ಲ. ಕೆಂಪು ಕಂಬಿ ಮಾತ್ರ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಅದು ಮೇಲಿದ್ದಷ್ಟು ಹೊತ್ತು ಗಂಟೆ ಬಾರಿಸುವುದೇ ಇಲ್ಲ.

"ಕೆಂಪು ಯಾವುದು?" ಅಂತ ಕೇಳಿದೆ.

"ಅದು ನಿಮ್ಮ ದವಡೆ, ಮೇಡಂ. ಹಲ್ಲು ಕಚ್ಚಿದೀರ. ಸ್ನಾಯು ಬಿಗಿ ಹಿಡಿದ್ರೆ ಅಲೆ ಕಾಣಿಸೋದಿಲ್ಲ."

ನಾನು ಹಲ್ಲು ಕಚ್ಚಿರಲಿಲ್ಲ ಅಂತಲೇ ನನ್ನ ಲೆಕ್ಕ. ಬಾಯಿ ಸ್ವಲ್ಪ ತೆರೆದು ನೋಡಿದೆ. ಕೆಂಪು ಕಂಬಿ ಸರ್ರನೆ ಇಳಿಯಿತು. ಮುಚ್ಚಿದೆ, ಏರಿತು. ಮತ್ತೆ ತೆರೆದೆ, ಇಳಿಯಿತು. ಇಪ್ಪತ್ತು ವರ್ಷದಿಂದ ನಾನು ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಮನಸ್ಸನ್ನಲ್ಲ, ದವಡೆಯನ್ನು! ಆ ಕುರ್ಚಿಯಲ್ಲಿ ಕೂತು ನಾನು ತುಂಬ ಅತ್ತೆ. ಅತ್ತರೆ ಅಲೆ ಎಲ್ಲ ಕಲಸಿಹೋಗುತ್ತದೆ, ಆ ಸಿಟ್ಟಿಂಗ್ ಅಲ್ಲಿಗೆ ಮುಗಿಯಿತು. ಅವರು ಅದನ್ನು ಇಪ್ಪತ್ತರ ಲೆಕ್ಕಕ್ಕೂ ಹಿಡಿಯಲಿಲ್ಲ, ಅದಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ. ಅಂಟು ಒರೆಸಲು ಬಿಸಿನೀರಿನ ಬಟ್ಟೆ ಕೊಟ್ಟು, "ಗೆಲ್ಲೋಕೆ ನೋಡಬೇಡಿ ಮೇಡಂ, ಸುಮ್ನೆ ಇರಿ" ಅಂದರು.

ಸುಮ್ನೆ ಇರುವುದು ಎಷ್ಟು ಕಷ್ಟ ಅಲ್ವಾ? ಎರಡನೆಯ ಸಿಟ್ಟಿಂಗಿನಲ್ಲಿ ಇಪ್ಪತ್ತು ನಿಮಿಷಕ್ಕೆ 41 ಸಲ ಟಿಣ್. ಮೂರನೆಯದರಲ್ಲಿ ಇನ್ನೂ ಕಡಿಮೆ. ಐದನೆಯ ದಿನ ಇರಬೇಕು, ಪರದೆ ನೋಡುತ್ತಾ ನೋಡುತ್ತಾ ನನಗೆ ತವರಿನ ಹುಳು ಮನೆಯ ರಾತ್ರಿ ನೆನಪಾಯಿತು. ನಾಲ್ಕನೇ ಜ್ವರ ಬಿಟ್ಟೆದ್ದ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವಾಗ ಸೋನೆ ಮಳೆ ಬಿದ್ದಂಥ ಸದ್ದು ಬರುತ್ತದೆ. ಚಿಕ್ಕವಳಿದ್ದಾಗ ಗೋಡೆಯ ಈಚೆ ಮಲಗಿ ಅದನ್ನು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಆ ಸದ್ದನ್ನೇ ಮನಸ್ಸಲ್ಲಿ ಕೇಳಿಸಿಕೊಳ್ಳುತ್ತಾ ಕೂತೆ. ಟಿಣ್. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಆಹಾ ಬಂತು ಅಂದುಕೊಂಡ ಕೂಡಲೇ ನಿಂತಿತು. ಮತ್ತೆ ಹುಳು ಮನೆಗೆ ಹೋದೆ. ಅವತ್ತು 118.

ಈಗ ಮನಸ್ಸಿನ ಮಾತು. ಇಪ್ಪತ್ತು ಸಿಟ್ಟಿಂಗ್ ಮುಗಿದಾಗ ಸಂಕ್ರಾಂತಿ. ಆ ಚಳಿಗಾಲದ ನನ್ನ ಸರಾಸರಿ ಅಂಕ ಐದೂವರೆ. ಎಳ್ಳು ಬೆಲ್ಲ ಬೀರಲು ನಾನೇ ಹೋದೆ, ಏಳು ಮನೆಗೆ. ಆದರೆ ಇದೆಲ್ಲ ಆ ತಂತಿಯಿಂದಲೇ ಆಯಿತು ಅಂತ ನಾನು ಹೇಳಿದರೆ ಅದು ಸುಳ್ಳು. ವಿಜ್ಞಾನ ಪಾಠ ಮಾಡುವವಳು ಹಾಗೆ ಹೇಳಬಾರದು. ಎಡ ಬಲದ ಆಲ್ಫಾ ವ್ಯತ್ಯಾಸ ಖಿನ್ನತೆಗೆ ನಂಬುವಂಥ ಗುರುತಲ್ಲ ಅಂತ ನಂತರದ ಅಧ್ಯಯನಗಳು ಹೇಳಿವೆ. ಆಸ್ಟ್ರಿಯಾದಲ್ಲಿ ನಿದ್ದೆ ಬಾರದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನಿಜವಾದ ನ್ಯೂರೋಫೀಡ್‌ಬ್ಯಾಕ್ ಪಡೆದವರಿಗೂ, ಸುಳ್ಳು ನ್ಯೂರೋಫೀಡ್‌ಬ್ಯಾಕ್ ಪಡೆದವರಿಗೂ ಒಂದೇ ಥರ ಹಾಯೆನಿಸಿತು. ಋತುಮಾನದ ಖಿನ್ನತೆಗೆ ಗಟ್ಟಿ ಆಧಾರ ಇರುವುದು ಬೆಳಕಿಗೆ, ಮಾತ್ರೆಗೆ, ಯೋಚನೆಯ ದಾರಿಯನ್ನು ತಿದ್ದುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಗೆ. ಅಮೆರಿಕದ ಕೆಲ್ಲಿ ರೋಹನ್ ಅನ್ನುವವರು ಬೆಳಕಿನ ಚಿಕಿತ್ಸೆಯನ್ನೂ ಸಿಬಿಟಿಯನ್ನೂ ಹೋಲಿಸಿ ನೋಡಿದಾಗ, ಎರಡು ಚಳಿಗಾಲ ಕಳೆದ ಮೇಲೆ ಸಿಬಿಟಿ ಕಲಿತವರಲ್ಲೇ ಕಾಯಿಲೆ ಮರುಕಳಿಸಿದ್ದು ಕಡಿಮೆ.

ಇನ್ನು ಬಸ್ಸು. ಹನ್ನೆರಡು ಭಾನುವಾರವೂ ನಾನು ಬೆಳಗ್ಗೆ ಆರೂವರೆ ಬಸ್ಸು ಹಿಡಿದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವಾಗ ಪೂರ್ವ ಎಡಗಡೆ. ಎಡ ಕಿಟಕಿಯಲ್ಲಿ ಕೂತರೆ ದೇವನಹಳ್ಳಿ ದಾಟುವಷ್ಟರಲ್ಲಿ ಮಂಜು ಹರಿದು, ಬಿಸಿಲು ನೇರ ಮುಖಕ್ಕೆ. ಹೆಬ್ಬಾಳದವರೆಗೂ ಹಾಗೇ ಬರುತ್ತದೆ. ಅರ್ಧ ಕೆಲಸ ಆ ಕಿಟಕಿಯೇ ಮಾಡಿತೇನೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನನಗೋಸ್ಕರ ಅಂತ ವಾರಕ್ಕೊಮ್ಮೆ ಮನೆ ಬಿಟ್ಟು ಹೊರಟಿದ್ದು, ನನ್ನ ಹೆಸರು ಹಿಡಿದು ಕಾಯುತ್ತಿದ್ದ ಒಬ್ಬರು ಅಲ್ಲಿದ್ದದ್ದು, ಅದೂ ಲೆಕ್ಕಕ್ಕೆ ಬರಬೇಕು.

ಆದರೂ ಆ 30,000 ರೂಪಾಯಿಗೆ ನನಗೆ ಬೇಸರವಿಲ್ಲ. ದಬ್ಬಿದರೆ ಬಾರದೆ, ಬಿಟ್ಟರೆ ಬರುವಂಥದ್ದು ನನ್ನೊಳಗೆ ಇದೆ ಅಂತ ಪರದೆಯ ಮೇಲೆ ಕಣ್ಣಾರೆ ನೋಡಿದೆ. ಅದನ್ನು ಯಾರು ಬಾಯಲ್ಲಿ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಹಾಗಂತ ಹೊದ್ದು ಮಲಗುವುದನ್ನೂ ನಾನು ಮಾಡಿ ನೋಡಿದ್ದೇನೆ, ಅದು ಇನ್ನೂ ಆಳಕ್ಕೆ ಎಳೆಯುತ್ತದೆ. ಈಗ ಬೆಳಗ್ಗೆ ಎದ್ದಾಗ ಮನಸ್ಸಿಗೆ ಏನೂ ಹೇಳುವುದಿಲ್ಲ. ದವಡೆ ಸಡಿಲ ಬಿಡುತ್ತೇನೆ, ಚಪ್ಪಲಿ ಹಾಕಿಕೊಂಡು ಮಹಡಿ ಹತ್ತುತ್ತೇನೆ. ಅಮ್ಮ ಜ್ವರಕ್ಕೆ ಕೂತ ಹುಳುವಿಗೆ ಸುಣ್ಣ ಉದುರಿಸಿ ಗಾಳಿ ಬಿಡುತ್ತಿದ್ದರಲ್ಲ, ಆ ಥರ.

ಮಾರ್ಚ್ ಬಂದಾಗ ಡಾಕ್ಟರು ಮಾತ್ರೆ ಇಳಿಸುತ್ತಾರೆ, ಅಕ್ಟೋಬರಿನಲ್ಲಿ ಮತ್ತೆ ಏರಿಸುತ್ತಾರೆ. ಬೆಂಗಳೂರಿಗೆ ಓಡಾಡಲು ಆಗದವರಿಗೆ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಯಾರಿಗೂ ಹೇಳಿಕೊಳ್ಳಲಾಗದೆ ರಾತ್ರಿ ಒಬ್ಬರೇ ಕೂತಿದ್ದರೆ, ಬದುಕೇ ಬೇಡ ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2021ರಲ್ಲಿ ನನಗೆ ಆ ನಂಬರ್ ಇರಲಿಲ್ಲ. ಅದು ಶುರುವಾದದ್ದು 2022ರ ಅಕ್ಟೋಬರಿನಲ್ಲಿ.

ಹೋದ ವಾರ ಅಮ್ಮ ಬಂದಿದ್ದರು. ಅವರಿಗೆ ಈಗ ಹುಳು ಸಾಕುವ ಶಕ್ತಿಯಿಲ್ಲ, ತೋಟ ಪಾಲಿಗೆ ಕೊಟ್ಟಿದ್ದಾರೆ. ಬೆಳಗ್ಗೆ ನಾನು ಮಹಡಿ ಮೇಲಿದ್ದಾಗ ಕಾಫಿ ಲೋಟ ಹಿಡಿದುಕೊಂಡು ನಿಧಾನಕ್ಕೆ ಹತ್ತಿ ಬಂದರು. ಸೆರಗನ್ನು ತಲೆ ಮೇಲೆ ಹೊದ್ದುಕೊಂಡಿದ್ದರು. ಸುತ್ತ ಮಂಜು, ಎದುರು ಮನೆಯ ನೀರಿನ ಟ್ಯಾಂಕು ಕೂಡ ಕಾಣುತ್ತಿರಲಿಲ್ಲ. ಏಳು ಅಂತಲೂ ಅನ್ನಲಿಲ್ಲ, ಗಟ್ಟಿ ಮಾಡ್ಕೋ ಅಂತಲೂ ಅನ್ನಲಿಲ್ಲ. ಕಾಫಿ ಕೊಟ್ಟು ಪಕ್ಕದ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಕೂತಿದ್ದರು. ಆಮೇಲೆ, "ಅವರೆಕಾಯಿ ಬಂದಿದೆಯಂತೆ, ಸಂಜೆ ತರಿಸು" ಅಂದರು.

ಅವತ್ತಿನ ಪುಟದಲ್ಲಿ ಮಂ ಅಂತ ಇದೆ. ಅಂಕ ಆರು.